ತೂತಿಲ್ಲದ ಮಡಕೆ

ಶಮೀಮ್, ಬಾವಿಯಲ್ಲಿ ನೀನು ಇಳಿಬಿಟ್ಟಿದ್ದ ಮಡಕೆಯನ್ನು ಬದಲಾಯಿಸಿದವಳು ನಾನು. ನನ್ನ ಅತ್ತೆ ಅಲ್ಲ, ಊರಿನ ಗಂಡಸರಲ್ಲ, ಯಾವ ಗಾಳಿ ಪೀಡೆಯೂ ಅಲ್ಲ. ನೀನು ಅಕ್ಕ ಅಂತ ಕರೆಯುತ್ತಿದ್ದೆಯಲ್ಲ, ಆ ಹನುಮಕ್ಕ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಬಾಗಿಲು ಹಾಕಿದೆಯೇ ಅಂತ ಎದ್ದು ಹೋಗಿ ನೋಡಿ ಬಂದೆ. ಎಪ್ಪತ್ತು ದಾಟಿದವಳು, ಮೊಮ್ಮಕ್ಕಳು ಕಂಡವಳು, ಇನ್ನೂ ಹೆದರುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಪ್ಪಿರಲಿ, ವಿಷಯ ತಪ್ಪಿಲ್ಲ.

ನೀನು ಇದನ್ನು ಓದುತ್ತೀಯೋ — ಓದುವುದಕ್ಕೆ ನೀನು ಇದ್ದೀಯೋ — ನನಗೆ ಗೊತ್ತಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಕೈ ನಿಂತುಹೋಗುತ್ತದೆ.

ಬೇರೆಯವರು ಓದಿದರೂ ತಿಳಿಯಲಿ. ಬಾಗಲಗುಂಟೆ ದಾಟಿ, ಹೆಸರಘಟ್ಟ ರಸ್ತೆಯಿಂದ ಒಳಕ್ಕೆ ಹೋದರೆ ನಮ್ಮ ಊರು. ಈಗ ಅದು ಊರಲ್ಲ, ಮೂರು ಮಹಡಿ ನಾಲ್ಕು ಮಹಡಿಯ ಬೀದಿಗಳು. ಆಗ ಪೀಣ್ಯದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ನನ್ನ ಗಂಡ ಅಲ್ಲಿಗೆ ಲೇತ್ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಊರಿಗೆಲ್ಲ ಕುಡಿಯುವ ನೀರಿಗೆ ಒಂದೇ ಬಾವಿ. ನಿನ್ನ ಅಪ್ಪ ಕಲಾಯಿ ಸಾಬರು. ನಮ್ಮೆಲ್ಲರ ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಹೊಳೆಯಿಸಿ ಕೊಡುತ್ತಿದ್ದರು. ಅವರ ಕೈ ಬಿದ್ದ ಪಾತ್ರೆಯಲ್ಲಿ ಹುಳಿ ಇಟ್ಟರೂ ಕಿಲುಬು ಬರದು ಅಂತ ಊರಿನ ನಂಬಿಕೆ. ನೀನು ಅವರ ದೊಡ್ಡ ಮಗಳು. ಊರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಬಸ್ಸಿಗೆ ದಾಸರಹಳ್ಳಿ ತನಕ ನಡೆದೇ ಹೋಗುತ್ತಿದ್ದೆ.

ಒಂದು ಮಳೆಗಾಲದಲ್ಲಿ ವಾಂತಿಭೇದಿ ಬಂದು ನಿನ್ನ ದಾದಿ, ನಿನ್ನ ಅಪ್ಪನ ಅವ್ವ, ಹೋದರು. ಮರುವರ್ಷ ನಿಮ್ಮ ಕಾಲೇಜಿನ ಮೇಷ್ಟ್ರು ಹೇಳಿದರಂತೆ — ನಿಮ್ಮ ನಿಮ್ಮ ಊರಿಗೆ ಏನು ಬೇಕೋ ಅದನ್ನು ನೀವೇ ಯೋಚಿಸಿ, ನೀವೇ ಮಾಡಿ ತೋರಿಸಿ ಅಂತ. ಹೆಬ್ಬಾಳದ ಕಡೆಯ ಹುಡುಗರು ಹೊಗೆ ಕಾರದ ಒಲೆ ಹಿಡಿದರಂತೆ. ಇನ್ಯಾರೋ ಬಚ್ಚಲ ನೀರಿಗೆ ಇಂಗುಗುಂಡಿ. ನೀನು ನಮ್ಮ ಬಾವಿ ಹಿಡಿದೆ.

ನಾನು ಆಗ ಏಳು ತಿಂಗಳ ಬಸುರಿ. ನಿಮ್ಮ ಅಂಗಳದ ಮೋಟುಗೋಡೆಯ ಮೇಲೆ ಕೂತು ನಿನ್ನ ಪ್ರಯೋಗ ನೋಡುವುದೇ ನನ್ನ ಹೊತ್ತು ಕಳೆಯುವ ದಾರಿ. ನೀನೂ ನಿನ್ನ ಜೊತೆಯ ಇಬ್ಬರು ಹುಡುಗಿಯರೂ ಮಡಕೆಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದಿರಿ. ಬ್ಲೀಚಿಂಗ್ ಪುಡಿಯನ್ನು ಬಾವಿಗೆ ಹಾಗೇ ಸುರಿದರೆ ಒಂದು ದಿನ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ, ಮರುದಿನ ಏನೂ ಇಲ್ಲ. ಅದಕ್ಕೇ ಪುಡಿಗೆ ಮರಳು ಬೆರೆಸಿ ಮಡಕೆಯೊಳಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಬಿಗಿದು, ತಳದಲ್ಲಿ ಸಣ್ಣ ತೂತು ಕೊರೆದು ನೀರಿನೊಳಗೆ ಇಳಿಬಿಡುವುದು ನಿನ್ನ ಯೋಚನೆ. ಮೊದಲ ಮಡಕೆಗೆ ತೂತು ಹೆಚ್ಚಾಗಿ ಪುಡಿಯೆಲ್ಲ ಒಂದೇ ಸಲ ಇಳಿದುಹೋಯಿತು. ಎರಡನೆಯದು ಕೊರೆಯುವಾಗಲೇ ಸೀಳಿತು. ಕುಂಬಾರನ ಮನೆಗೆ ನೀನು ತಿರುಗಿದ್ದಕ್ಕೆ ಲೆಕ್ಕವಿಲ್ಲ.

“ಉಸಿರಾಡಿದ ಹಾಗೆ ಇರ್ಬೇಕು ಅಕ್ಕ. ಒಂಚೂರ್ ಒಂಚೂರೇ ಬಿಡ್ಬೇಕು,” ಅಂದೆ ನೀನು.

“ಮಡಿಕೆ ಉಸ್ರಾಡಕ್ಕೆ ಅದೇನ್ ಹಸು ಕರುವೇನೇ? ನಿಂಗೆ ಮದ್ವೆ ಮಾಡಿದ್ರೆ ಸರಿಯೋಗ್ತೀಯ.”

ನೀನು ನಕ್ಕೆ. ನಕ್ಕು ಹೇಳಿದ ಮಾತು ಇದು. ನನಗೆ ಒಂದಕ್ಷರ ಮರೆತಿಲ್ಲ — “ತೂತೇ ಔಷಧಿ ಕಣಕ್ಕ. ತೂತಿಲ್ಲ ಅಂದ್ರೆ ಅದು ಬರೀ ಮಡಕೆ.”

ಈ ಮಾತು ನೆನಪಿಟ್ಟುಕೊಂಡಿರು. ನಾನು ಮತ್ತೆ ಇದಕ್ಕೇ ಬರಬೇಕು.

ತವರಿನಲ್ಲಿ ಅವ್ವ ಇಲ್ಲದ್ದರಿಂದ ಹೆರಿಗೆ, ಬಾಣಂತನ ಎಲ್ಲ ಅತ್ತೆಯ ಮನೆಯಲ್ಲೇ ಆಯಿತು. ಗಂಡು ಮಗು. ಅದಕ್ಕಿಂತ ಮುಂಚೆ ಒಂದು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಅದರ ಮೈ ಹೇಗೆ ತಣ್ಣಗಾಯಿತು ಅಂತ ನನ್ನ ಕೈಗೆ ಗೊತ್ತಿತ್ತು. ಹಾಗಾಗಿ ಎರಡನೆಯದು ನಿದ್ದೆ ಹೋದರೆ ಮೂಗಿನ ಹತ್ತಿರ ಬೆರಳು ಇಟ್ಟು ನೋಡುತ್ತಿದ್ದೆ. ಎಚ್ಚರವಾದರೂ ಹೆದರಿಕೆ, ಮಲಗಿದರೂ ಹೆದರಿಕೆ.

ನಾನು ಬಾಣಂತಿ ಕೋಣೆಯಲ್ಲಿದ್ದಾಗಲೇ ನಿನ್ನ ಮಡಕೆ ಬಾವಿಗೆ ಇಳಿಯಿತು. ನೋಡಲು ಬಂದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿ ತೋರಿಸುತ್ತಿದ್ದರು. ಪಕ್ಕದ ಮನೆಯ ಜಯಮ್ಮ, “ಮುದ್ದೆ ಬಾಯಿಗಿಟ್ರೆ ಆಸ್ಪತ್ರೆ ನುಂಗ್ದಂಗಾಯ್ತದೆ ಕಣಕ್ಕ,” ಅಂದಳು. ಆದರೆ ಮಳೆ ಶುರುವಾದರೂ ಇನ್ನೂ ಯಾರೂ ವಾಂತಿಭೇದಿಯಲ್ಲಿ ಮಲಗಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬಾಣಂತಿ ಮೊದಲ ಸಲ ಬಾವಿಗೆ ಹೋಗಿ ಗಂಗೆ ಪೂಜೆ ಮಾಡಿ ಕೊಡ ತುಂಬಿಕೊಂಡು ಬರಬೇಕು. ಅಲ್ಲಿಯ ತನಕ ಬಾವಿಯ ಹಗ್ಗ ಮುಟ್ಟುವ ಹಾಗಿಲ್ಲ. ನನ್ನ ಪೂಜೆ ಶುಕ್ರವಾರ ಅಂತ ನಿಗದಿಯಾಯಿತು. ಅದರ ಹಿಂದಿನ ಭಾನುವಾರ ನೀವು ಹುಡುಗಿಯರು ಹೊಸ ಪುಡಿ ತುಂಬಲು ಮಡಕೆ ಮೇಲೆಳೆಯುತ್ತಿದ್ದುದನ್ನು ಅತ್ತೆ ನೋಡಿ ಬಂದಳು. ಬಂದವಳೇ ಮಗುವಿನ ಹಣೆಗೆ ಬೂದಿ ಇಟ್ಟಳು.

“ಬಾವೀಲಿ ತೂತ್ ಮಡಿಕೆ ನೇತಾಕವ್ರೆ. ನೀರ್ ಸುರೀತಿತ್ತು. ಯಾರ್ ಸತ್ರು ಅಂತ ಆಕವ್ರೆ?”

ನಮ್ಮಲ್ಲಿ ಮಡಕೆಗೆ ತೂತು ಹಾಕುವುದು ಒಂದೇ ಕೆಲಸಕ್ಕೆ, ಶಮೀಮ್. ಸತ್ತವರನ್ನು ಮಲಗಿಸಿದ ಮೇಲೆ ಮಗನಾದವನು ನೀರಿನ ಮಡಕೆ ಹೆಗಲ ಮೇಲೆ ಹೊತ್ತು ಸುತ್ತು ಬರುತ್ತಾನೆ. ಹಿಂದಿನಿಂದ ಒಬ್ಬರು ಅದಕ್ಕೆ ತೂತು ಹೊಡೆಯುತ್ತಾರೆ, ನೀರು ಸುರಿಯುತ್ತಾ ಬರುತ್ತದೆ. ಕೊನೆಗೆ ಮಡಕೆಯನ್ನು ಹಿಂದಕ್ಕೆ ಬಿಟ್ಟು ಒಡೆದು, ತಿರುಗಿ ನೋಡದೆ ನಡೆಯುತ್ತಾನೆ. ನಿನ್ನ ಅಂಗಳದಲ್ಲಿ ಕೂತು ನೋಡುವಾಗ ಇದು ನನ್ನ ತಲೆಗೇ ಬಂದಿರಲಿಲ್ಲ. ಅಲ್ಲಿ ಅದು ನಿನ್ನ ಆಟದ ಹಾಗಿತ್ತು. ಅತ್ತೆಯ ಬಾಯಲ್ಲಿ ಕೇಳಿದಾಗ, ಮಗು ಮಡಿಲಲ್ಲಿರುವಾಗ — ಬೆನ್ನಿನಲ್ಲಿ ನೀರು ಇಳಿದ ಹಾಗಾಯಿತು. ನನ್ನ ಮಗುವಿನ ಹೆಸರಿನಲ್ಲಿ ಪೂಜೆಯಾಗುವ ಬಾವಿಯಲ್ಲಿ ಹೆಣದ ಮಡಕೆ.

ಬುಧವಾರ ನೀನು ಮಗು ನೋಡಲು ಬಂದೆ. ಕೂತವಳೇ ಕೇಳಿದೆ.

“ಮಡಕೆ ಬಗ್ಗೆ ನಿಮ್ಮ ಅತ್ತೆ ಏನೋ ಅಂತಿದ್ರಂತೆ. ಪೂಜೆ ದಿನ ಅದು ಇರ್ಬಾರ್ದಾ ಅಕ್ಕ? ಹೇಳಿ, ಆವತ್ತು ತೆಗೆದು ಆಮೇಲೆ ಹಾಕ್ತೀನಿ. ನಂಗೆ ಪರೀಕ್ಷೆ ಇದೆ, ಈ ಭಾನುವಾರ ಬರಕ್ಕಾಗಲ್ಲ ಅಂತ ಪುಡಿ ಜಾಸ್ತಿನೇ ತುಂಬಿದೀನಿ.”

ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಕೂಸು ತೊಡೆಯ ಮೇಲಿರುವಾಗ ಸಾವಿನ ಮಡಕೆಯ ಹೆಸರು ಎತ್ತಿದರೆ ಆ ಮಾತು ಕೂಸಿಗೇ ಅಂಟಿಕೊಂಡೀತು ಅಂತ ನಾಲಗೆ ಏಳಲಿಲ್ಲ. “ಏನಿಲ್ಲ ಬಿಡೇ,” ಅಂದೆ. ನೀನು ಮಗುವಿನ ಕಾಲು ಹಿಡಿದು ಆಡಿಸಿ, ಅಂಬಲಿ ಕುಡಿದು ಹೋದೆ. ಬಾಯಿ ಚಕ್ಕೆ ಎದ್ದ ನಮ್ಮ ಅಂಬಲಿ ಮಡಕೆಯಿಂದ ನಾನೇ ಬಗ್ಗಿಸಿ ಕೊಟ್ಟೆ. “ಈ ಮಡಕೆಗೆ ಹಲ್ಲು ಬಿದ್ದಿದೆ ಅಕ್ಕ, ನಿಮ್ಮ ಅತ್ತೆ ಹಾಗೆ,” ಅಂತ ನೀನು ಮೆಲ್ಲಗೆ ಅಂದೆ. ಇಬ್ಬರೂ ಸದ್ದಾಗದ ಹಾಗೆ ನಕ್ಕೆವು.

ಗುರುವಾರ ಮಧ್ಯಾಹ್ನ. ಗಂಡಸರು ಕಾರ್ಖಾನೆಗೆ, ಹೊಲಕ್ಕೆ. ಹೆಂಗಸರು ಉಂಡು ಮಲಗಿದ್ದರು. ನಾನು ಗಾಳಿ ಸೋಕದಿರಲಿ ಅಂತ ಸೆರಗಿನಲ್ಲಿ ಬೇವಿನ ಸೊಪ್ಪು ಕಟ್ಟಿಕೊಂಡು, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು, ಖಾಲಿ ಮಾಡಿ ತೊಳೆದ ಅಂಬಲಿ ಮಡಕೆ ಎತ್ತಿಕೊಂಡು ಬಾವಿಗೆ ಹೋದೆ. ಬಾಣಂತಿ ಆ ಹೊತ್ತಿನಲ್ಲಿ ಒಬ್ಬಳೇ ಹೊರಗೆ ಬರಬಾರದು. ಬಂದೆ. ಪೂಜೆಗೆ ಮೊದಲು ಹಗ್ಗ ಮುಟ್ಟಬಾರದು. ಮುಟ್ಟಿದೆ. ರಾಟೆ ಕಿರ್ ಅಂದಾಗಲೆಲ್ಲ ಎಳೆಯುವುದು ನಿಲ್ಲಿಸಿ ಸುತ್ತ ನೋಡುತ್ತಿದ್ದೆ.

ಮೇಲೆ ಬಂದ ಮಡಕೆಯ ತಳದಿಂದ ನೀರು ಸಣ್ಣ ಸಣ್ಣ ಎಳೆಯಾಗಿ ಸುರಿಯುತ್ತಿತ್ತು. ಅತ್ತೆ ಹೇಳಿದ ಹಾಗೇ.

ಅದರೊಳಗಿನ ಪುಡಿ, ಮರಳು ಎಲ್ಲವನ್ನೂ ಕೈಯಿಂದ ತೋಡಿ ನನ್ನ ಮಡಕೆಗೆ ತುಂಬಿದೆ. ಬೆರಳ ಚರ್ಮ ಸುಟ್ಟಿತು. ನಿನ್ನ ಪ್ಲಾಸ್ಟಿಕ್ಕನ್ನೇ ಬಾಯಿಗೆ ಬಿಗಿದು, ನಿನ್ನ ಹಗ್ಗವನ್ನೇ ಕಟ್ಟಿ, ಕೆಳಗೆ ಬಿಟ್ಟೆ. ಮೇಲಿನಿಂದ ನೋಡಿದವರಿಗೆ ಅದೇ ಹಗ್ಗ, ನೀರಿನೊಳಗೆ ಅದೇ ಮಡಕೆ. ನಿನ್ನ ಮಡಕೆಯನ್ನು ಸ್ಮಶಾನದ ಬದಿಯ ಲಂಟಾನದ ಪೊದೆಯ ತನಕ ಹೊತ್ತುಕೊಂಡು ಹೋಗಿ, ಬೆನ್ನು ತಿರುಗಿಸಿ ನಿಂತು ಹೆಗಲ ಮೇಲಿಂದ ಹಿಂದಕ್ಕೆ ಎಸೆದೆ. ಒಡೆದ ಸದ್ದು ಕೇಳಿತು. ತಿರುಗಿ ನೋಡದೆ ಬಂದೆ. ಸತ್ತವರಿಗೆ ಮಾಡುವ ಹಾಗೇ ಮಾಡಿದ್ದೇನೆ ಅಂತ ಮನೆ ಹೊಸ್ತಿಲಿಗೆ ಬಂದ ಮೇಲೆ ಹೊಳೆಯಿತು.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಥೆ ಹೀಗೆ — ಔಷಧಿಯನ್ನು ನಾನು ಚೆಲ್ಲಲಿಲ್ಲವಲ್ಲ, ಒಂದು ಚಿಟಿಕೆ ಬಿಡದೆ ತುಂಬಿದೆನಲ್ಲ, ಓದಿಲ್ಲದವಳು, ತೂತಿಲ್ಲದಿದ್ದರೆ ಏನಾಗುತ್ತದೆ ಅಂತ ನನಗೆ ಏನು ಗೊತ್ತು.

ಸುಳ್ಳು. ತೂತೇ ಔಷಧಿ ಅಂತ ನೀನು ಹೇಳಿದ್ದು ನನ್ನ ಕಿವಿಗೇ. ಹಗ್ಗ ಇಳಿಸುವಾಗ ಆ ಮಾತು ನೆನಪಾಯಿತು. ನಾಳೆ ಪೂಜೆ ಮುಗಿಯಲಿ, ಆಮೇಲೆ ಏನಾದರೂ ಮಾಡೋಣ ಅಂದುಕೊಂಡು ಇಳಿಸಿದೆ. ಪೂಜೆ ಮುಗಿಯಿತು. ಆಮೇಲೆ ಏನೂ ಮಾಡಲಿಲ್ಲ.

ಶುಕ್ರವಾರ ಬಾವಿಕಟ್ಟೆಯ ಮೇಲೆ ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಮಕ್ಕಳಿಗೆ ನೆನೆಸಿದ ಕಡಲೆ, ಬೆಲ್ಲ ಹಂಚಿದೆ. ಜಯಮ್ಮನ ಮಗಳು ರತ್ನಿ, ಏಳು ವರ್ಷದ್ದು, ನನ್ನ ಮಗುವನ್ನು ತೊಡೆಯಿಂದ ಕೆಳಗಿಳಿಸುತ್ತಿರಲಿಲ್ಲ. ಬೆಲ್ಲ ತಿಂದು ಬೊಗಸೆಯಲ್ಲಿ ನೀರು ಕುಡಿದು ಮೂಗು ಅರಳಿಸಿದಳು.

“ದೊಡ್ಡಮ್ಮ, ನೀರ್ಗೆ ಇವತ್ತು ವಾಸ್ನೆನೇ ಇಲ್ಲ. ಸಿಹಿಯಾಗೈತೆ.”

ಆ ಮಾತಿಗೆ ಸುತ್ತಲಿದ್ದ ಹೆಂಗಸರೆಲ್ಲ ಒಳ್ಳೆಯದಾಯಿತು ಅಂದರು. ನಾನು ಬಾವಿಕಟ್ಟೆ ಹಿಡಿದು ನಿಂತೆ. ಬಾಣಂತಿಗೆ ಸುಸ್ತು ಅಂತ ಕೂರಿಸಿದರು.

ಆಮೇಲೆ ಮಳೆ ಹಿಡಿಯಿತು. ಬಿಡದೆ ಸುರಿಯಿತು. ತಿಪ್ಪೆಯ ನೀರು ಬೀದಿಯಲ್ಲಿ ಹರಿದು ಬಾವಿಕಟ್ಟೆಯ ಸುತ್ತ ನಿಂತಿತು. ದಿನಾ ಅಂದುಕೊಂಡೆ, ಇವತ್ತು ಶಮೀಮ್‌ಗೆ ಹೇಳುತ್ತೇನೆ. ನೀನು ಪರೀಕ್ಷೆಗೆ ಕತ್ತಲಿರುವಾಗಲೇ ಹೊರಟು ಕತ್ತಲಾದ ಮೇಲೆ ಬರುತ್ತಿದ್ದೆ. ಹೇಳದಿರುವುದಕ್ಕೆ ಅದೂ ಒಂದು ನೆಪವಾಯಿತು. ನಮ್ಮ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಕಾಯಿಸಿ ಆರಿಸಿದ ನೀರು. ನನಗೆ, ನನ್ನ ಮಗುವಿಗೆ ಏನೂ ಆಗಲಿಲ್ಲ.

ರತ್ನಿಗೆ ಬೆಳಿಗ್ಗೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋಗಿತ್ತು. ಇಟ್ಟಿಗೆ ಲಾರಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ಯಶವಂತಪುರ ದಾಟುವಷ್ಟರಲ್ಲಿ ಮುಗಿಯಿತಂತೆ. ಇನ್ನೂ ನಾಲ್ಕಾರು ಮನೆಯಲ್ಲಿ ಮಲಗಿದ್ದರು.

ಮರುದಿನ ಮಣ್ಣು ಮಾಡಿ ಬಂದವರು ಮನೆಗೆ ಹೋಗಲಿಲ್ಲ, ನೆಟ್ಟಗೆ ಬಾವಿಯ ಹತ್ತಿರ ನಿಂತರು. ಬಿಳಿ ಪುಡಿ ಅಂತ ಒಬ್ಬ ಅಂದ. ಸಾಬರ ಹುಡುಗಿ ಅಂತ ಇನ್ನೊಬ್ಬ. ಎರಡು ಮಾತು ಒಂದಕ್ಕೊಂದು ಅಂಟಿಕೊಳ್ಳಲು ಹೊತ್ತು ಹಿಡಿಯಲಿಲ್ಲ. ನಿನ್ನನ್ನು ಕರೆಸಿದರು. ಹಿಂದೆಯೇ ನಿನ್ನ ಅಪ್ಪ ಓಡಿ ಬಂದರು, ಕೈಯೆಲ್ಲ ಇದ್ದಿಲು ಮಸಿ. ನಾನು ಮಗುವನ್ನು ಎತ್ತಿಕೊಂಡು ಹೆಂಗಸರ ನಡುವೆ ನಿಂತಿದ್ದೆ.

“ಎಳಿಯಮ್ಮ ಮೇಲಕ್ಕೆ. ಏನ್ ಆಕಿದ್ದೀಯ ತೋರ್ಸು,” ಅಂದದ್ದು ರತ್ನಿಯ ಅಪ್ಪ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

ನೀನು ಎಳೆದೆ. ಮಡಕೆ ಮೇಲೆ ಬಂತು. ತಳದಿಂದ ಹನಿ ನೀರೂ ಸುರಿಯಲಿಲ್ಲ. ನೀನು ಅದನ್ನು ಕಟ್ಟೆಯ ಮೇಲಿಟ್ಟು ತಳ ಸವರಿದೆ, ಇನ್ನೊಮ್ಮೆ ಸವರಿದೆ.

“ಇದು ನಮ್ಮ ಮಡಕೆ ಅಲ್ಲ,” ಅಂದೆ. “ಇದಕ್ಕೆ ತೂತೇ ಇಲ್ಲ. ಯಾರೋ ಬದಲಾಯಿಸಿದಾರೆ. ಔಷಧಿ ನೀರಿಗೆ ಇಳಿದೇ ಇಲ್ಲ.”

“ತೂತ್ ಇದ್ರೂ ನಿಂದೇ, ಇಲ್ದಿದ್ರೂ ನಿಂದೇ. ಔಷ್ದಿ ಅಂತೀಯಲ್ಲ, ಕುಡಿ ಈ ನೀರ,” ಅಂದ ರತ್ನಿಯ ಅಪ್ಪ.

ನಿನ್ನ ಅಪ್ಪ ಕೈ ಮುಗಿದರು. “ನಾನ್ ಕುಡೀತೀನಿ ಸ್ವಾಮಿ. ನಿಮ್ ಪಾತ್ರೆಗೆಲ್ಲ ಕಲಾಯಿ ಹಾಕ್ದೋನು ನಾನು. ಮಗೀನ ಬಿಡಿ.”

“ನೀನಲ್ಲ. ಅವ್ಳು.”

ನೀನು ಮಡಕೆಯ ಬಾಯಿ ನೋಡಿದೆ. ಚಕ್ಕೆ ಎದ್ದ ಜಾಗದ ಮೇಲೆ ನಿನ್ನ ಹೆಬ್ಬೆರಳು ನಿಂತಿತು. ತಲೆ ಎತ್ತಿ ಹೆಂಗಸರ ಕಡೆ ನೋಡಿದೆ. ನನ್ನನ್ನು ಕಂಡೆಯೋ, ನನ್ನ ತೋಳಿನಲ್ಲಿದ್ದ ಮಗುವನ್ನು ಕಂಡೆಯೋ — ಗುರುತು ಹಿಡಿದೆಯೋ ಇಲ್ಲವೋ — ಇವತ್ತಿಗೂ ನನಗೆ ತಿಳಿಯದು. ನೀನು ಬಾಯಿ ತೆರೆದರೆ ನನ್ನ ಮಗುವನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ ಅಂತ ಅದನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡೆನೆಂದರೆ ಅದು ಅಳತೊಡಗಿತು.

ನೀನು ಹೆಬ್ಬೆರಳು ಸರಿಸಿದೆ. ಕಟ್ಟೆಯ ಮೇಲೆ ಸೇದಿಟ್ಟಿದ್ದ ಬಾವಿ ನೀರನ್ನು ಚೊಂಬಿಗೆ ತುಂಬಿಕೊಂಡೆ.

ಆ ನೀರಿನಲ್ಲಿ ಔಷಧಿ ಇಲ್ಲ ಅಂತ ಅಷ್ಟು ಜನರಲ್ಲಿ ಖಚಿತವಾಗಿ ಗೊತ್ತಿದ್ದದ್ದು ಇಬ್ಬರಿಗೆ. ಕುಡಿಯುತ್ತಿದ್ದ ನಿನಗೆ, ನೋಡುತ್ತಿದ್ದ ನನಗೆ. ಕುಡಿಯಬೇಡವೇ, ನಾನು ಮಾಡಿದ್ದು ಅಂತ ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ನೀನು ಚೊಂಬು ಎತ್ತಿದೆ, ಗಂಟಲು ಆಡಿತು, ಪೂರ್ತಿ ಕುಡಿದೆ. ಬಾಯಿ ಒರೆಸಿಕೊಂಡು ಚೊಂಬನ್ನು ಬೋರಲು ಹಾಕಿ ಕಟ್ಟೆಯ ಮೇಲಿಟ್ಟೆ. ನಿನ್ನ ಅಪ್ಪ “ಚಲ್ ಬೇಟಾ” ಅಂತ ನಿನ್ನ ತಲೆಯ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು.

ಸಂಜೆ ನಿಮ್ಮ ಹೆಂಚಿನ ಮೇಲೆ ಕಲ್ಲು ಬಿದ್ದವು. ಅಂಗಳದ ಮಡಕೆಗಳನ್ನೆಲ್ಲ ಒಡೆದರು. ಬೆಳಗಾಗುವ ಹೊತ್ತಿಗೆ ಮನೆ ಖಾಲಿ. ಕಲಾಯಿ ಒಲೆಗೆ ಗಾಳಿ ಹಾಕುವ ತಿದಿಯನ್ನೂ ನಿನ್ನ ಅಪ್ಪ ಬಿಟ್ಟು ಹೋಗಿದ್ದರು.

ಇನ್ನು ನನ್ನ ದೊಡ್ಡ ಹೆದರಿಕೆ. ನೀವು ಆರ್.ಟಿ. ನಗರದ ಕಡೆ ಹೋದಿರಿ ಅಂತ ಯಾರೋ ಅಂದರು. ಮಗು ನಡೆಯುವಂತಾದ ಮೇಲೆ, ಗಂಡನಿಗೆ ಹೆಬ್ಬಾಳಕ್ಕೆ ಹೋಗುತ್ತೇನೆ ಅಂತ ಸುಳ್ಳು ಹೇಳಿ ಒಂದು ದಿನ ಹೋದೆ. ವಿಚಾರಿಸಿದೆ. ಕಲಾಯಿ ಹಾಕುವ ಮುದುಕರು ಅಲ್ಲಿ, ಹಸಿರು ಪರದೆಯ ಮನೆ ಅಂತ ಒಬ್ಬ ಹೆಂಗಸು ತೋರಿಸಿದಳು. ಅವರ ಮಗಳು ಅಂತ ಅವಳು ಏನೋ ಹೇಳಲು ಶುರುಮಾಡಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಮಗುವನ್ನು ಎತ್ತಿಕೊಂಡು ಬಸ್ ಸ್ಟಾಪಿನ ತನಕ ಓಡಿದೆ. ನೀನು ಆ ಪರದೆಯ ಹಿಂದೆ ಇದ್ದರೂ ನನಗೆ ಭಯ, ಇಲ್ಲದಿದ್ದರೂ ಭಯ. ಅವಳು ಮುಂದೆ ಏನು ಹೇಳುತ್ತಿದ್ದಳು? ಅವರ ಮಗಳು — ಟೀಚರ್ ಆಗಿದ್ದಾಳೆ? ಮದುವೆಯಾಗಿ ಹೋದಳು? ಅಥವಾ — ಆ ವಾಕ್ಯವನ್ನು ನಾನು ನಲವತ್ತು ವರ್ಷದಿಂದ ಪೂರ್ತಿ ಮಾಡಲಾರದೆ ಕೂತಿದ್ದೇನೆ.

ಈಗ ಬಾವಿ ಇಲ್ಲ. ಅದನ್ನು ಮುಚ್ಚಿ ಅದರ ಮೇಲೆ ನನ್ನ ಮಗನೇ ಬಾಡಿಗೆ ಮನೆ ಕಟ್ಟಿದ್ದಾನೆ. ಅವನಿಗೇನೂ ಗೊತ್ತಿಲ್ಲ.

ಜಯಮ್ಮ ಇದ್ದಾಳೆ. ಅವಳ ಗಂಡ ಹೋದ. ಅವಳು ಸಂಜೆಯಾದರೆ ಎಲೆ ಅಡಿಕೆ ತಟ್ಟೆ ಹಿಡಿದು ನನ್ನ ಜಗುಲಿಗೆ ಬರುತ್ತಾಳೆ. ಮಳೆ ಹಿಡಿದ ದಿನವೆಲ್ಲ ಅದೇ ಮಾತು — “ಆ ಸಾಬ್ರ ಉಡ್ಗಿ ನನ್ ಮಗೀನ ತಿಂದ್ಬುಟ್ಲು ಕಣಕ್ಕ.” ನಾನು ಹೂಂ ಅನ್ನುತ್ತೇನೆ. ಇಷ್ಟು ವರ್ಷ ಹೂಂ ಅಂದಿದ್ದೇನೆ. ಅವಳ ಮೊಮ್ಮಕ್ಕಳೂ ಈಗ ಆ ಮಾತು ಕಲಿತಿವೆ. ಮೊನ್ನೆ ಅವುಗಳಲ್ಲೊಂದು, ಎದುರು ಮನೆಗೆ ಬಾಡಿಗೆಗೆ ಬಂದ ಸಾಬರ ಮಕ್ಕಳು ಕೊಟ್ಟ ನೀರನ್ನು ಮೋರಿಗೆ ಚೆಲ್ಲಿತು. ಯಾಕೋ ಅಂದೆ. “ಅವ್ರು ವಿಷ ಹಾಕ್ತಾರಂತೆ ಅಜ್ಜಿ. ನಮ್ಮಜ್ಜಿ ಹೇಳವ್ಳೆ.”

ಅದು ಜಯಮ್ಮನ ಮಾತಲ್ಲ. ನಾನು ಹೇಳದೆ ಬಿಟ್ಟದ್ದು ಆ ಮಗುವಿನ ಬಾಯಿಂದ ಬಂತು.

ನಿನ್ನನ್ನು ಹುಡುಕಿಸುತ್ತೇನೆ. ಇದ್ದರೆ ಬಂದು ಎದುರಿಗೆ ಕೂರುತ್ತೇನೆ. ಇಲ್ಲ ಅಂತ ಗೊತ್ತಾದರೆ ಅದನ್ನೂ ಕೇಳಿಸಿಕೊಳ್ಳುತ್ತೇನೆ. ಆದರೆ ಅದಕ್ಕೆ ಮೊದಲು ಜಯಮ್ಮನಿಗೆ ಹೇಳಬೇಕು. ಅವಳು ಏನು ಮಾಡುತ್ತಾಳೆ ನನಗೆ ಗೊತ್ತಿಲ್ಲ. ಅವಳ ಗಂಡನ ಆ ದಿನದ ದನಿ ನನ್ನ ಕಿವಿಯಲ್ಲಿದೆ. ಕ್ಷಮಿಸು ಅಂತ ಕೇಳುವುದಿಲ್ಲ. ಅವಳನ್ನೂ ಇಲ್ಲ, ನಿನ್ನನ್ನೂ ಇಲ್ಲ. ಆ ಮಾತಿಗೆ ಬೇಕಾದ ಮುಖ ನನಗಿಲ್ಲ.

ಹೊರಗೆ ಮೋಡ ಕವಿದಿದೆ. ಪಕ್ಕದ ಮನೆಯ ಗೇಟಿನ ಸದ್ದಾಯಿತು. ಚಪ್ಪಲಿ ಎಳೆದುಕೊಂಡು ನಡೆಯುವುದು ಅವಳೇ. ಇನ್ನೊಂದು ನಿಮಿಷಕ್ಕೆ ಅವಳು ಕೂತು, ಮೋಡ ನೋಡಿ, ಅದೇ ಮಾತು ತೆಗೆಯುತ್ತಾಳೆ.

ಇವತ್ತು ನಾನು ಹೂಂ ಅನ್ನುವುದಿಲ್ಲ.